ಇನ್ನೊಬ್ಬ ಯೂನುಸ್

ಸೂರ್ ಪಟ್ಟಣದ ಕಚೇರಿ, ಬೆಳಗಿನ ಒಂಬತ್ತು.
ಗಾಜಿನಾಚೆ ಕೂತವನು ಪರದೆ ನೋಡಿದ, ನನ್ನ ನೋಡಿದ,
ಮತ್ತೆ ಪರದೆ.
"ಯೂನುಸ್, ಮೊಹಮ್ಮದನ ಮಗ, ಇಂಡಿಯಾ.
ಸಾಲ ಉಂಟು, ಕೇಸು ಉಂಟು. ಕೂತುಕೋ."

ಸಾಲ ನನ್ನದಲ್ಲ ಎಂದೆ.
ಹೆಸರು ನಿನ್ನದೇ ಅಲ್ಲವಾ ಎಂದ.

ಹೆಸರಿಗೇನು, ನಾನು ಹುಟ್ಟುವ ಮೊದಲೇ ಸವೆದಿತ್ತು.
ಮೊದಲು ಹೊತ್ತವರು ಮೀನಿನ ಹೊಟ್ಟೆಯ ಕತ್ತಲಲ್ಲಿ ಕೂತು
ತಪ್ಪು ನನ್ನದೇ ಎಂದು ಒಪ್ಪಿಕೊಂಡವರು.
ಮದ್ರಸದಲ್ಲಿ ಆ ಪಾಠ ಬಂದ ದಿನವೆಲ್ಲ
ಹುಡುಗರು ನನ್ನ ಅಂಗಿ ಮೂಸುತ್ತಿದ್ದರು.

ಈ ಊರಲ್ಲೂ ಒಬ್ಬನಿದ್ದ,
ಹಾಯಿಹಡಗಿನ ನಖೋದ.
ಕಣ್ಣು ಹೋದ ಮೇಲೂ ಬೆರಳಲ್ಲಿ ನೀರೆತ್ತಿ ನಾಲಗೆಗೆ ಹಚ್ಚಿ
ಇದು ಮಂಗಳೂರಿನ ಅಳಿವೆ ಎನ್ನುತ್ತಿದ್ದನಂತೆ.
ಅವನ ಗೋರಿಯ ಪಕ್ಕ ಈಗ ಟಯರಿನ ಅಂಗಡಿ.
ಅವನು ಹೇರಿ ತಂದ ಹಂಚು ಮಾತ್ರ
ಹಳೇ ಗೋದಾಮಿನ ಮಾಡಿನಲ್ಲಿ ಇನ್ನೂ ಉಂಟು,
ನೇತ್ರಾವತಿಯ ಮಣ್ಣು, ಉಪ್ಪುಗಾಳಿಗೆ ಕಪ್ಪಾಗಿ.

ಬಂದರಿನಲ್ಲಿ ಆ ಹಂಚು ಹೊತ್ತವರ ಸಾಲಿನಲ್ಲಿ
ನನ್ನಜ್ಜನೂ ಇದ್ದಿರಬಹುದು. ಅಜ್ಜನೂ ಯೂನುಸೇ.
ಊರು ನೆನೆಯುವುದು ನಖೋದನನ್ನು.
ಅಜ್ಜ ತನ್ನ ಹೆಸರನ್ನು
ನನ್ನ ತಲೆಗೆ ಹೊರಿಸಿ, ಚುಂಬಳಿ ಕೊಡವಿ ಹೋದ.

ನಮ್ಮ ಕ್ಯಾಂಪಿನಲ್ಲಿ ಬಾರ್ಕೂರಿನ ಜೋನಸ್ ಇದ್ದಾನೆ, ಸ್ಟೋರ್ ಕೀಪರ್.
"ನಾವಿಬ್ಬರೂ ಒಂದೇ ಮೀನಿನವರು ಮಾರಾಯ,"
ಶುಕ್ರವಾರ ಶುಕ್ರವಾರ ಇದೇ ಮಾತು, ಇದೇ ನಗು.
ಅವನಿಗೆ ಫೋನು ಮಾಡಲೇ ಎಂದುಕೊಳ್ಳುವಾಗ
ಒಳಗಿನಿಂದ ಯಾರೋ ಕರೆದರು: "ಯೂನುಸ್!"
ದಡಕ್ಕನೆ ಎದ್ದೆ. ನೆಲ ಒರೆಸುತ್ತಿದ್ದ ಸಿಲೆಟ್‌ನವನೂ ಎದ್ದ.
ಬೇಕಾಗಿದ್ದದ್ದು ಚಹಾ.

ಮಧ್ಯಾಹ್ನದ ಬಾಂಗ್ ಆಯಿತು.
ಸಾಲ ಮಾಡಿದವನ ಬಗ್ಗೆ ಯೋಚಿಸತೊಡಗಿದೆ, ಬೇರೆ ಕೆಲಸವಿರಲಿಲ್ಲ.
ಯಾತಕ್ಕೆ ಮಾಡಿದ? ಕಾರಿಗೋ, ತಂಗಿಯ ಮದುವೆಗೋ,
ಆಸ್ಪತ್ರೆಗೋ, ಯಾರದೋ ಜಾಮೀನಿಗೋ?
ಯಾವ ಕೋಣೆಯಲ್ಲಿ ಬಾಗಿಲು ತಟ್ಟಿದರೆ ಉಸಿರು ಹಿಡಿಯುತ್ತಾನೆ?
ಮೊಹಮ್ಮದನೆಂಬ ಅವನಪ್ಪ
ನನ್ನಪ್ಪನ ಹಾಗೇ ಬೀಡಿಗೆ ಬೆಂಕಿ ಮರೆಮಾಡಿ ಹಚ್ಚುತ್ತಿದ್ದನೇ?

"ತಾಯಿಯ ಹೆಸರು?"

ಹದಿನೇಳು ವರ್ಷದಲ್ಲಿ ನನ್ನ ಬಾಯಿಂದ ಬಂದದ್ದಲ್ಲ ಅದು.
ಕೇರಿಯಲ್ಲಿ ಅವಳು ಯೂನುಸನ ಉಮ್ಮ.
ಕೋಳಿ ಮಾರುವವನಿಗೂ, ನರ್ಸಮ್ಮನಿಗೂ ಅಷ್ಟೇ.
ರೇಷನ್ ಕಾರ್ಡು ಬಿಟ್ಟರೆ
ತನ್ನ ಹೆಸರನ್ನು ಅವಳು ಎಲ್ಲೂ ಇಟ್ಟುಕೊಳ್ಳಲಿಲ್ಲ.

"ಅವ್ವಮ್ಮ," ಎಂದೆ.
ಅವನಿಗೆ ಕೇಳಿಸಲಿಲ್ಲ. ಬಿಡಿಸಿ ಹೇಳಿದೆ.
ಅರಬಿಯಲ್ಲಿ ಅದು ಕೂರಲೊಲ್ಲದು,
ಒತ್ತಿದ, ಅಳಿಸಿದ, ಒತ್ತಿದ, ತುಟಿಯಲ್ಲೇ ಒಮ್ಮೆ ಅಂದು ನೋಡಿದ.
"ನೀನಲ್ಲ," ಎಂದ. "ಹೋಗು."

ಹೋಗಬೇಕಿತ್ತು.
ಗಾಜಿಗೆ ಹಣೆಯೊತ್ತಿ ಬಗ್ಗಿದೆ.
ಪರದೆಯ ಮೇಲೆ ಆ ಇನ್ನೊಬ್ಬನ ಉಮ್ಮನ ಹೆಸರಿತ್ತು,
ಚಿಕ್ಕ ಅಕ್ಷರದಲ್ಲಿ, ಕೊನೆಯ ಸಾಲಿನಲ್ಲಿ.
ಓದಲಾಗಲಿಲ್ಲ, ಹೊರಗಿನ ಬಿಸಿಲೆಲ್ಲ
ಗಾಜಿನ ಮೇಲಿತ್ತು.