ಹನ್ನೊಂದನೇ ಮನೆಯ ಹೆಬ್ಬಾತು

ತೀಸಾ ನದಿಯ ಏರಿಯ ಕೆಳಗೆ ನಲವತ್ತು ಮನೆಯ ಊರು,
ನಾನು ಅಲ್ಲಿಯ ಅಂಚೆಯವನು.
ನಾಯಿಗಳ ಜೊತೆ ನನ್ನದು ಹಳೆಯ ಒಪ್ಪಂದ:
ಜೇಬಿನಲ್ಲಿ ಕೊಬ್ಬಿನ ಚೂರು, ಬಾಯ್ತುಂಬ ಹೊಗಳಿಕೆ.
ಆದರೆ ಹನ್ನೊಂದನೇ ಮನೆಯ ಗಾಶ್ಪಾರ್
ಲಂಚ ಮುಟ್ಟುವವನಲ್ಲ.

ಕತ್ತು ನೆಲಕ್ಕೆ ಚಾಚಿ, ಬುಸುಗುಟ್ಟಿ,
ರೆಕ್ಕೆಗಳೆರಡನ್ನೂ ಬಾಗಿಲಿನಂತೆ ತೆರೆದು ಬರುತ್ತಿದ್ದ ನೋಡಿ,
ಪಿಂಚಣಿ ತಂದವನೆಂಬ ಮರ್ಯಾದೆಯೂ ಇಲ್ಲದೆ
ಮೀನಖಂಡಕ್ಕೇ ಕೊಕ್ಕು ಹಾಕಿ ತಿರುಚುತ್ತಿದ್ದ.
ಎರಡು ಪ್ಯಾಂಟು ಹರಿದವು.
ಇಲಾಖೆ ಒಂದಕ್ಕೆ ದುಡ್ಡು ಕೊಟ್ಟಿತು.

"ಕೆಟ್ಟವನಲ್ಲ ಅವನು," ಎನ್ನುತ್ತಿದ್ದಳು ಎಟೆಲ್ಕಾ
ಪೊರಕೆ ಹಿಡಿದು, ನಗು ತಡೆದು,
"ಹೆಂಡತಿ ಕಾವಿಗೆ ಕೂತಿದ್ದಾಳೆ, ಅಷ್ಟೆ."

ಹಾಲಿನಿಂದ ನೀರನ್ನು ಬೇರೆ ಮಾಡುತ್ತದಂತೆ
ಯಾವುದೋ ದೂರದೇಶದ ಹಕ್ಕಿ.
ನಮ್ಮದು, ಬಾನಿಗೆ ತಿಳಿನೀರು ತುಂಬಿದ ಮರುಗಳಿಗೆಯೇ
ಕೆಸರು ಬೆರೆಸುವ ಜಾಣ.
ಎಟೆಲ್ಕಾ ದಿನಕ್ಕೆ ಮೂರು ಸಲ ತುಂಬುತ್ತಿದ್ದಳು,
ಮೂರು ಸಲ ಬೈಯುತ್ತಿದ್ದಳು.

ಜನವರಿಯಲ್ಲಿ ಕಾಲುವೆ ಹೆಪ್ಪುಗಟ್ಟಿತು.
ಹೆಪ್ಪುಗಟ್ಟಿದ ನೀರು ನರಿಗೆ ಸೇತುವೆ.
ಬೆಳಿಗ್ಗೆ ಹೋದರೆ
ಹಿಮದ ಮೇಲೆ ಒಂದು ಹಿಡಿ ಪುಕ್ಕ,
ಬೇಲಿಯವರೆಗೆ ಎಳೆದ ಗೀರು.
ಗಾಶ್ಪಾರ್ ನನ್ನನ್ನು ನೋಡಿದ.
ದಾರಿ ಬಿಟ್ಟ.
ಏಳು ವರ್ಷದಲ್ಲಿ ಮೊದಲ ಸಲ
ಓಡದೆ ಬಾಗಿಲು ತಲುಪಿದೆ.
ಸಂತೋಷವೇನೂ ಆಗಲಿಲ್ಲ.

ಜೋಳ ಮುಟ್ಟಲಿಲ್ಲ, ನೆನೆಸಿದ ರೊಟ್ಟಿ ಮುಟ್ಟಲಿಲ್ಲ.
ಹಾಲಿನ ಕ್ಯಾನಿನ ಹೊಳಪಿನಲ್ಲಿ ಯಾರನ್ನೋ ಕಂಡು
ಅದರ ಪಕ್ಕವೇ ನಿಂತ, ಗೊಣಗುತ್ತ, ದಿನವಿಡೀ.
ಎಟೆಲ್ಕಾ ಬೀರುವಿನ ಕನ್ನಡಿ ಬಿಚ್ಚಿ
ಗೂಡಿನ ಗೋಡೆಗೆ ಒರಗಿಸಿಟ್ಟಳು.
"ನಾಳೆ ಬಾಚಣಿಗೆಯನ್ನೂ ಕೇಳುತ್ತಾನೆ," ಎಂದು
ಹೆಂಡದಂಗಡಿಯಲ್ಲಿ ವೆಂಡೆಲ್ ನಗಿಸಿದ; ನಾನೂ ನಕ್ಕೆ.
ಆಮೇಲೆ ನೋಡಿದೆ:
ಕನ್ನಡಿಗೆ ಕತ್ತು ಬಾಗಿಸಿ ವಂದಿಸಿದ,
ಕಾದ,
ಸುತ್ತಿ ಹಿಂಬದಿಗೆ ಹೋಗಿ ಹುಡುಕಿದ,
ಬರೀ ಹಲಗೆ, ಜೇಡ.
ಮತ್ತೆ ಬಂದು ಮುಂದೆ ನಿಂತ.

ಮಾರ್ಚಿಯಲ್ಲಿ ಪಕ್ಕದೂರಿನ ಯುಸ್ತೀನಾ ಆರು ಮೊಟ್ಟೆ ಕೊಟ್ಟಳು.
ತಂದವನು ನಾನೇ, ಸೈಕಲ್ಲಿನಲ್ಲಿ,
ಅಂಚೆಚೀಲದೊಳಗೆ, ಉಣ್ಣೆಯ ಟೋಪಿಯಲ್ಲಿ ಸುತ್ತಿ.
ನಿಯಮದ ಪುಸ್ತಕದಲ್ಲಿ ಇದಕ್ಕೆ ದರವಿಲ್ಲ.
ಹಳ್ಳ ಬಂದಲ್ಲೆಲ್ಲ ಇಳಿದು ನಡೆದೆ.

ಟರ್ಕಿಕೋಳಿಯ ಹೊಟ್ಟೆಯಡಿ ಇಟ್ಟಳು ಎಟೆಲ್ಕಾ.
ಒಂದು ಬದಿಗೆ ಪೆನ್ಸಿಲಿನ ಗುಣಿಸುಚಿಹ್ನೆ, ಹೊರಳಿಸಿದ ಲೆಕ್ಕಕ್ಕೆ.
ಬೆರಳದ್ದಿ ಬೆಚ್ಚನೆಯ ನೀರು ಚಿಮುಕಿಸುವುದು,
ನೀರಿನಿಂದೆದ್ದು ಬಂದ ತಾಯ ಎದೆ ಹನಿಸುವಂತೆ.
ರಾತ್ರಿ ಮೇಣದಬತ್ತಿಗೆ ಹಿಡಿದು ನೋಡುವುದು.
ಎರಡರಲ್ಲಿ ಏನೂ ಇರಲಿಲ್ಲ.
ನಾಲ್ಕರಲ್ಲಿ ಕೆಂಪು ನರಗಳ ಜೇಡರಬಲೆ,
ನಡುವೆ ಮಿಡಿಯುವ ಒಂದು ಚುಕ್ಕಿ.

ಮೂವತ್ತನೆಯ ದಿನ ಚಿಪ್ಪಿನೊಳಗಿಂದಲೇ ದನಿ.
ಗಾಶ್ಪಾರ್ ಕನ್ನಡಿಗೆ ಬೆನ್ನು ಹಾಕಿದ.
ಟರ್ಕಿ ಒಂದು ವಾರ ಜಗಳವಾಡಿತು,
ಮಕ್ಕಳು ಬಾನಿಗೆ ಇಳಿದು ತೇಲಿದ್ದು ಕಂಡು
ಹೌಹಾರಿ ಕೈಬಿಟ್ಟಿತು.
ಎಟೆಲ್ಕಾ ತುರಿಕೆಸೊಪ್ಪು ಕೊಚ್ಚಿ,
ಬೆಂದ ಮೊಟ್ಟೆ ಹಿಸುಕಿ ಕಲಸಿ, "ಲಿ-ಲಿ-ಲಿ" ಎಂದರೆ
ಹಳದಿ ತುಪ್ಪುಳಿನ ನಾಲ್ಕು ಉಂಡೆ ಓಡುತ್ತಿದ್ದವು,
ಹಿಂದೆ ಅವನು, ಮೇಸ್ಟರ ಹಾಗೆ.

ನಾನು ತಂದದ್ದು ಬರೀ ವಿದ್ಯುತ್ತಿನ ಬಿಲ್ಲು.
ಗೇಟು ಕಿರ್ರೆಂದಿತು.
ಕತ್ತು ನೆಲಕ್ಕೆ ಬಂತು.
ಓಡಬಹುದಿತ್ತು, ಓಡಲಿಲ್ಲ.
ಹಳೆಯ ಜಾಗದಲ್ಲೇ ಕಚ್ಚಿದ, ಹಳೆಯ ತಿರುಚಿನಲ್ಲೇ.
"ಅಯ್ಯೋ ದರಿದ್ರದವನೇ!" ಎಂದು ಕೂಗಿದೆ.
ಎಟೆಲ್ಕಾ ಪೊರಕೆ ಹುಡುಕುತ್ತಿದ್ದಳು,
ಎಂಥ ಆತುರವೂ ಇಲ್ಲದೆ.

ನವೆಂಬರಿಗೆ ಮೂರು, ಮಾರ್ಟಿನ್ ಹಬ್ಬದ ಒಲೆಗೆ.
ಅವಳಿಗೂ ಗೊತ್ತು, ನನಗೂ ಗೊತ್ತು.
ಒಂದು ತೊಡೆ ನನ್ನ ಮನೆಗೂ ಬರುತ್ತದೆ,
ಬೇಡವೆನ್ನುವಷ್ಟು ದೊಡ್ಡವನಲ್ಲ ನಾನು.
ಹೆಣ್ಣೊಂದು ಉಳಿಯುತ್ತದೆ.

ಕನ್ನಡಿ ಇನ್ನೂ ಅಲ್ಲೇ ಇದೆ, ಮೂಲೆ ಒಡೆದು.
ಹೊರಡುವಾಗ ಅದರಲ್ಲಿ ಇಣುಕುತ್ತೇನೆ,
ಕೂದಲಿಗಲ್ಲ,
ಬೆನ್ನ ಹಿಂದೆ ಯಾರು ಬರುತ್ತಿದ್ದಾರೆಂದು.