ಹನ್ನೆರಡು ಹನಿ

ಮುಂಗೈ ಒರೆಸಿ ನೀಲಿ ಪೆನ್ನಿನಲ್ಲಿ
ಹನ್ನೆರಡು ಗೆರೆ ಎಳೆಯುತ್ತೇನೆ.
ಗೆರೆಗೊಂದು ಹನಿ, ಹನಿಗೊಂದು ಚುಚ್ಚು.
ಮೊದಲನೆಯದು ಬರೀ ಉಪ್ಪುನೀರು, ಯಾರಿಗೂ ಏಳುವುದಿಲ್ಲ.
ಆಮೇಲೆ ಮನೆಧೂಳು, ಜಿರಳೆ, ಬೂಸ್ಟು, ನಾಯಿಕೂದಲು,
ಕಾಂಗ್ರೆಸ್ ಕಸ, ಜೋಳದ ಹೂಪುಡಿ,
ಎಲ್ಲಿಂದಲೋ ಬಂದು ನಮ್ಮೂರ ಹೆಸರಿಟ್ಟುಕೊಂಡ
ಬಳ್ಳಾರಿ ಜಾಲಿ,
ಇನ್ನು ಮೂರು.
ಕೊನೆಯ ಹನಿಯ ಮಾತು ಕೊನೆಗೆ.
ಹದಿನೈದು ನಿಮಿಷ ಕೆರೆದುಕೊಳ್ಳಬಾರದು.

ದಿನಕ್ಕೆ ಇಪ್ಪತ್ತು ಕೈ.
ಉಗುರಿನ ಸಂದಿಯಲ್ಲಿ ಇನ್ನೂ ಸಂಡೂರಿನ ಕೆಂಪು ಇರುವವು,
ತೋರಣಗಲ್ಲಿನ ಕ್ವಾರ್ಟರ್ಸಿನ ಬೆಳ್ಳನೆಯವು.
ಯಾರು ಯಾವ ನೆಲದಲ್ಲಿ ಅಂಬೆಗಾಲಿಟ್ಟರೋ
ಕೈ ಹೇಳುತ್ತದೆ ಅನ್ನಿಸುತ್ತದೆ ನನಗೆ.
ಡಾಕ್ಟರು ನಗುತ್ತಾರೆ:
ಇರಬಹುದು, ಆದರೆ ಅಷ್ಟು ಸಲೀಸಲ್ಲ ಹೊನ್ನೂರಮ್ಮ.

ನನ್ನ ಕೈ ಎಂದೋ ನೋಡಿಕೊಂಡಿದ್ದೇನೆ. ಹತ್ತಕ್ಕೆ ಎಂಟು.
ಕೌಲ್ ಬಜಾರಿನಲ್ಲಿ ಮಹಡಿಯ ಮೇಲೊಂದು ಕೋಣೆ,
ಕೆಳಗೆ ಜೀನ್ಸ್ ಹೊಲಿಯುವ ಆರು ಮಿಷನ್ನು.
ಏಳು ತಿಂಗಳಿಗೇ ಹುಟ್ಟಿದವಳು, ಅಂಗೈಯಷ್ಟಿದ್ದೆನಂತೆ.
ಅವ್ವ ಕಿಟಕಿ ತೆರೆಯಲಿಲ್ಲ.
ನೆಲಕ್ಕೆ ಫಿನಾಯಿಲು, ಗಿಲಕಿಗೆ ಡೆಟಾಲು,
ಹಾಲಿಗೆ ಮುಚ್ಚಳ, ಮುಚ್ಚಳದ ಮೇಲೆ ಬಟ್ಟೆ,
ಬಂದವರು ಬಾಗಿಲಲ್ಲೇ ನಿಂತು ನೋಡಿ ಹೋಗಬೇಕು.
ಮಣ್ಣು ಮುಟ್ಟಿದ್ದು ಸಾಲಿಗೆ ಹೋದ ಮೇಲೆ.
ನೀಲಿ ಜುಂಗನ್ನು ಮಾತ್ರ ಅವಳಿಂದ ತಡೆಯಲಾಗಲಿಲ್ಲ.
ಮೆಟ್ಟಿಲು ಹತ್ತಿ ಬರುತ್ತಿತ್ತು ಅದು.
ಸೀನಿದರೆ ಕರ್ಚೀಫಿನಲ್ಲಿ ನೀಲಿ.

ನಾನು ಹುಟ್ಟಿದ ವಾರ
ಒಂದೂವರೆ ವರ್ಷದ ಅಕ್ಕ ಸುಂಕಮ್ಮನನ್ನು
ಮೋಕಾಕ್ಕೆ, ಅಜ್ಜಿಯ ಹತ್ತಿರ ಬಿಟ್ಟು ಬಂದರು.
ಆರು ತಿಂಗಳ ಮಟ್ಟಿಗೆ ಅಂತ.
ಆರು ತಿಂಗಳು ಹದಿನಾರು ವರ್ಷವಾಯಿತು.
ಎಮ್ಮೆ ಕಟ್ಟುವ ಅಂಕಣದಲ್ಲೇ ಅವಳ ಹಾಸಿಗೆ.
ಗಂಜಲ, ಸೊಪ್ಪೆಯ ಧೂಳು, ಕಿವಿಯ ಹಿಂದೆ ಉಣ್ಣೆ.
ಹಗರಿಯ ಉಸುಕು ತಿಂದು ಹಲ್ಲು ಕರಕರ ಅನ್ನಿಸುತ್ತಿದ್ದಳಂತೆ.
ನೊಣ ಬಿದ್ದ ಹಾಲಿಂದ ನೊಣ ತೆಗೆದು, ಹಾಲು ಅವಳಿಗೆ.
ಹಬ್ಬಕ್ಕೆ ಬಂದಾಗ ನನ್ನ ತೊಟ್ಟಿಲ ಹತ್ತಿರ ಬಿಡುತ್ತಿರಲಿಲ್ಲ,
ಕೈ ತೊಳೆದ ಮೇಲೂ.

ಈಗಲೂ ರಾತ್ರಿ ನನ್ನ ಎದೆ ಸುಯ್ ಅಂದಾಗ
ಗೋಡೆಯಾಚೆಯಿಂದ ಅವ್ವ ಕೇಳುತ್ತಾಳೆ:
ನಾ ತಪ್ಪು ಮಾಡಿದ್ನೇನವ್ವ?
ಯಾರಿಗೆ ಎಂದು ನಾನು ಕೇಳುವುದಿಲ್ಲ.

ಮೊನ್ನೆ ಅಕ್ಕ ಮಗಳ ಮದುವೆಯ ಕಾರ್ಡು ಹಂಚಲು ಬಂದವಳು
ಆಸ್ಪತ್ರೆಗೇ ಬಂದಳು. ಪಾಳಿ ಮುಗಿದಿತ್ತು, ಕೋಣೆ ಖಾಲಿ.
ಕೂಡು, ನಿನ್ನ ಕೈ ನೋಡೋಣ ಅಂದೆ.
ಅಲರ್ಜಿ ಮಾತ್ರೆ ಏನಾದರೂ ತಿಂದೀಯಾ?
ಯಾವ ಮಾತ್ರೆನೂ ತಿಂದಿಲ್ಲ ಕಣೆ ಹುಟ್ಟಿದಾಗಿಂದ.
ಆ ಬಿರುಸು ಚರ್ಮದ ಮೇಲೆ ಪೆನ್ನು ಸರಿಯಾಗಿ ಓಡಲಿಲ್ಲ.

ಹದಿನೈದು ನಿಮಿಷ.
ಜಾಲಿ ಏಳಲಿಲ್ಲ, ಕಾಂಗ್ರೆಸ್ ಕಸ ಏಳಲಿಲ್ಲ.
ಮನೆಧೂಳಿಗೆ ಅವಳ ಗುರುತೇ ಇಲ್ಲ.
ಕೈ ನಾಟಿಗೆ ಹದ ಮಾಡಿಟ್ಟ ಮಡಿಯ ಹಾಗೆ ಸಪಾಟು,
ಕೊನೆಯ ಗೆರೆಯ ಹತ್ತಿರ ಮಾತ್ರ
ಕಡಲೆಬೇಳೆಯಷ್ಟು ಕೆಂಪು.

ಇದೊಂದು ಯಾಕ ಎದ್ದೈತಿ?
ಅದು ಎಲ್ಲರಿಗೂ ಏಳ್ತದಕ್ಕ.
ಚರ್ಮ ಎಚ್ಚರ ಐತೋ ಇಲ್ಲೋ ನೋಡಾಕ ಹಾಕ್ತೀವಿ.

ಬಹಳ ಹೊತ್ತು ಅದನ್ನೇ ನೋಡಿದಳು.
ಎಚ್ಚರ ಇತ್ತು ಹೊನ್ನೀ, ಅಂದಳು. ಆವಾಗಲೂ.

ಸೆರಗು ಸರಿಮಾಡಿಕೊಂಡು ಎದ್ದು
ಇನ್ನು ಕೆರಕೊಳ್ಳಲೇನು ಎಂದು ಕೇಳಿದಳು.
ಹೂಂ ಅನ್ನಲು ಬಾಯಿ ತೆರೆದೆ, ಆಗಲಿಲ್ಲ.
ಅವಳ ಸೀರೆಯ ನೆರಿಗೆಯಿಂದ ಎದ್ದ ಸೊಪ್ಪೆಯ ಧೂಳಿಗೆ
ಒಂದು, ಎರಡು, ಏಳು
ಸೀನುತ್ತಲೇ ಇದ್ದೆ.