ದನಿ ಬಾರದ ಮನೆ

ಅಜ್ಜಿಯ ಮಂಡಿ ಕೈಕೊಟ್ಟ ವರ್ಷ
ನನಗೆ ಒಂಬತ್ತು.
ಕಾಲುಹಾರ್ಮೋನಿಯಮ್ಮಿನ ಕೆಳಗೆ ಮುದುಡಿ ಕೂತು
ಎರಡೂ ತುಳಿಹಲಗೆ ಅಂಗೈಯಲ್ಲಿ ಒತ್ತುವುದು ನನ್ನ ಕೆಲಸ.
ಕಾಣುತ್ತಿದ್ದದ್ದು ಇಷ್ಟೇ:
ಗಂಜಿ ಹಾಕಿದ ಬಿಳಿ ಸೀರೆಯ ಅಂಚು,
ಬಾಟಾ ಚಪ್ಪಲಿ, ಮಂಡಿ ಸೋತರೂ ತಾಳ ಬಿಡದ
ಎಡಗಾಲ ಹೆಬ್ಬೆರಳು.
"ಉಸಿರು ಕೊಡೇ ಮರಿ, ಉಸಿರು ಕೊಡು,
ಮಿಕ್ಕಿದ್ದು ನಾನು ನೋಡ್ಕೋತೀನಿ."

ಸಂಪಂಗಿರಾಮನಗರದ ಸಣ್ಣ ಚರ್ಚು.
ಹೊರಗೆ ಗುಜರಿಯವನ ಕೂಗು, ಆಟೊ, ಹೂವಿನ ಗಾಡಿ.
ಕೀಲಿಗಳನ್ನು ಅವಳು ಮನೆ ಎನ್ನುವಳು, ನಾಟಕದವರ ಹಾಗೆ:
ಬಿಳಿ ಮೂರನೇ ಮನೆ, ಕರಿ ಒಂದನೇ ಮನೆ.
ಅವಳಪ್ಪ ಯಾವುದೋ ಕಂಪನಿಯಲ್ಲಿ ಪೆಟ್ಟಿಗೆ ನುಡಿಸಿದ್ದವರು,
ದೀಕ್ಷಾಸ್ನಾನವಾದ ಮೇಲೆ
ಬೀಡಿ ಬಿಟ್ಟರಂತೆ, ಸ್ವರ ಬಿಡಲಿಲ್ಲವಂತೆ.
ಏಳು ಮಕ್ಕಳನ್ನು ಒಂದೂವರೆ ಕೋಣೆಯಲ್ಲಿ ಸಾಕಿದವಳಿಗೆ
ಅಷ್ಟೊಂದು ಮನೆ ಬೇರೆಲ್ಲಿ ಸಿಕ್ಕೀತು?

ನಡುವಿನ ಒಂದು ಮಾತ್ರ ಮಳೆಗಾಲಕ್ಕೆ ಊದಿಕೊಂಡು
ಕೂತಲ್ಲೇ ಕೂತುಬಿಡುತ್ತಿತ್ತು.
ಆಮೇಲಾಮೇಲೆ ಬೇಸಿಗೆಯಲ್ಲೂ ಏಳಲಿಲ್ಲ.
ರಿಪೇರಿಗೆಂದು ಅವೆನ್ಯೂ ರಸ್ತೆಯಿಂದ ಬಂದವನು
ಮುಂಗಡ ಇಸಕೊಂಡು ಮಾಯವಾದ.
ಆ ಮನೆ ಬಂದಾಗ ಅಜ್ಜಿ ಬೆರಳೆತ್ತಿ
ಒಂದು ಚಣ ಕಾದು, ಮುಂದೆ ಹೋಗುವಳು.
ಸಭೆಯೂ ಕಲಿತುಕೊಂಡಿತು.
ಅಲ್ಲಿಗೆ ಬಂದೊಡನೆ ನೂರಿಪ್ಪತ್ತು ಬಾಯಿ
ಒಟ್ಟಿಗೆ ಮುಚ್ಚಿ ಒಟ್ಟಿಗೆ ತೆರೆಯುವುದು.
ಹೊಸದಾಗಿ ಬಂದವರಷ್ಟೇ
ಒಂಟಿಯಾಗಿ ಆ ಸ್ವರ ಹಾಡಿ ನಾಚಿಕೊಳ್ಳುವರು.

ತಾತನದು ಮಿಲ್ಲಿನ ರಾತ್ರಿಪಾಳಿ.
ಅವರ ನಿದ್ದೆ ಕೆಡದಂತೆ ಅಡುಗೆಮನೆಯಲ್ಲಿ ಪಿಸುದನಿಯ ಕೀರ್ತನೆ.
ಅವಳಿಗೆ ಪದಕ್ಕಿಂತ ನಂಬರು ಮೊದಲು.
ಪ್ರಭುದಾಸ ಚಿಕ್ಕಪ್ಪ ಎಸ್ಸೆಸ್ಸೆಲ್ಸಿ ಫೇಲಾದ ದಿನ: "ಇನ್ನೂರಾ ಆರು."
ಬಾಡಿಗೆಗೆ ದುಡ್ಡಿಲ್ಲದ ತಿಂಗಳು:
"ನೂರಾ ಹದಿನೆಂಟು, ಎರಡನೇ ಚರಣ ಮಾತ್ರ."
ಸೀಮೆಣ್ಣೆ ಕ್ಯೂನಲ್ಲಿ ಯಾರಾದರೂ ತಳ್ಳಿದರೆ
ನಂಬರಿಲ್ಲದ ಒಂದು ಮಾತು,
ಅದನ್ನು ಇಲ್ಲಿ ಬರೆಯಲಾರೆ.

ರಾತ್ರಿಯ ಪ್ರಾರ್ಥನೆ ಸಾರು ಆರುವಷ್ಟು ಉದ್ದ.
ಹೆಸರು ಹಿಡಿದೇ ಕೇಳುವಳು:
ಮಕ್ಕಳು, ಸೊಸೆಯರು, ಎದುರುಮನೆ ಖಮರುನ್ನಿಸಾಳ ಮಗನ ಕೆಮ್ಮು,
ಹಾಲಿನ ಚಿಕ್ಕಮುನಿಯಪ್ಪನ ಗಬ್ಬದ ಎಮ್ಮೆ.
ಎಮ್ಮೆ ಅವಳಿ ಹಾಕಿದಾಗ
"ನಾನು ಒಂದೇ ಕೇಳಿದ್ದು" ಅಂದಳು.

ಹೇಮಲತತ್ತೆಯನ್ನು ನಾನು ಕಂಡಿಲ್ಲ.
ಹದಿನಾರು ವಯಸ್ಸು, ಮೂರು ದಿನದ ಜ್ವರ.
ಆಮೇಲೆ ಆರು ಭಾನುವಾರ ಅಜ್ಜಿ ಚರ್ಚಿಗೆ ಹೋಗಲಿಲ್ಲ.
ಪೆಟ್ಟಿಗೆಯ ಬೀಗದ ಕೈ ಸೆರಗಿನ ಗಂಟಿನಲ್ಲೇ ಇತ್ತು.
ಕೇಳಲು ಯಾರೂ ಬರಲಿಲ್ಲ, ಬರಿಗಂಟಲಲ್ಲಿ ಹಾಡಿಕೊಂಡರು.
ಏಳನೆಯ ವಾರ ತಡವಾಗಿ ಬಂದು, ಬೀಗ ತೆಗೆದು,
ಒಂದು ಮನೆಯನ್ನೂ ಮುಟ್ಟದೆ ಬರೀ ತುಳಿದಳಂತೆ
ಕೀರ್ತನೆಯುದ್ದಕ್ಕೂ.
ಪೆಟ್ಟಿಗೆ ಉಸಿರಾಡುವುದು ಕೇಳಿಸುತ್ತಿತ್ತಂತೆ.

"ದೇವರ ಮೇಲಿನ ಸಿಟ್ಟು ಹೋಯ್ತಾ ಅಜ್ಜಿ?"
"ಎಲ್ಲಿಗೆ ಹೋಗುತ್ತೆ?
ಪಕ್ಕದಲ್ಲೇ ಕೂರಿಸ್ಕೊಂಡು ನುಡಿಸ್ತೀನಿ."

ತೊಂಬತ್ತೊಂದಕ್ಕೆ ಹೋದಳು,
ಬೆಳಗಿನ ಜಾವ, ಕಾಫಿ ಕೇಳಿ,
ಹಾಲು ಉಕ್ಕುವುದರೊಳಗೆ.

ಈಗ ಚರ್ಚಿನಲ್ಲಿ ಕರೆಂಟಿನ ಕೀಬೋರ್ಡು.
ಎಲ್ಲ ಮನೆಗೂ ದನಿಯುಂಟು, ಮಳೆಗೆ ಯಾವುದೂ ಊದುವುದಿಲ್ಲ.
ಮೊನ್ನೆ ಹೊಸೂರು ರಸ್ತೆಗೆ ಒಯ್ಯುವ ಮುನ್ನ
ನುಡಿಸಲು ಕೂತವನು ಹತ್ತೊಂಬತ್ತರ ಹುಡುಗ, ಅವಳನ್ನು ಅರಿಯದವನು.
ಎದುರಿಗೆ ಅವಳದಿನ್ನೊಂದು ಪೆಟ್ಟಿಗೆ,
ತುಳಿಹಲಗೆಯಿಲ್ಲದ್ದು.
ಇನ್ನೂರಾ ಆರು. ಸರಿಯಾಗಿಯೇ ನುಡಿಸಿದ.
ಆ ಜಾಗ ಬಂತು.
ಹಳಬರೆಲ್ಲ ಬಾಯಿ ಮುಚ್ಚಿದರು.
ಕೀಬೋರ್ಡೊಂದೇ ಆ ಮನೆಯಲ್ಲಿ ನಿಂತು ಕೂಗಿತು.
ಹುಡುಗ ಬೆಚ್ಚಿ ತಲೆಯೆತ್ತಿದ,
ಸುತ್ತ ನೋಡಿದ.
ಎರಡನೇ ಚರಣಕ್ಕೆ
ಅವನೂ ಬೆರಳೆತ್ತಿದ.

ನಾನು ಹಾಡಲಿಲ್ಲ.
ಮುಂದಿನ ಬೆಂಚಿನ ಹಲಗೆಯ ಮೇಲೆ
ನನ್ನ ಅಂಗೈಗಳು, ಒಂದಾದ ಮೇಲೊಂದು,
ಒತ್ತುತ್ತಲೇ ಇದ್ದವು.